ಟ್ರಾಕ್ಟರ್ ಬ್ಯಾಟರಿಗೆ ಎಷ್ಟು ದಪ್ಪದ ಕೇಬಲ್ ಬೇಕು?



ಬಿತ್ತನೆಗೆ ಹದ ಬಂದ ಬೆಳಿಗ್ಗೆಯೇ ಟ್ರಾಕ್ಟರ್ ಚಾಲೂ ಆಗದೆ ‘ಕಟ್ ಕಟ್’ ಎಂದು ನಿಂತರೆ ನಾವು ಮೊದಲು ಬೈಯುವುದು ಬ್ಯಾಟರಿಯನ್ನು. ಎಷ್ಟೋ ಸಲ ತಪ್ಪು ಬ್ಯಾಟರಿಯದಲ್ಲ, ಕೇಬಲ್ಲಿನದು. ಕಳೆದ ಸುಗ್ಗಿಯಲ್ಲಿ ನಾನು ಹೋಗಿದ್ದ ಹಳ್ಳಿಯೊಂದರಲ್ಲಿ ಹಳೆಯ ಕೇಬಲ್ ತುಂಡಾಯಿತೆಂದು ಮನೆ ವೈರಿಂಗಿನ ತಂತಿ ಕಟ್ಟಿದ್ದರು. ಎರಡನೇ ಸಲ ಕೀಲಿ ತಿರುಗಿಸುವಷ್ಟರಲ್ಲಿ ತಂತಿಯ ಹೊದಿಕೆ ಕರಗಿ ಹೊಗೆಯೆದ್ದಿತು. ಪಕ್ಕದಲ್ಲೇ ಹುಲ್ಲಿನ ಬಣವೆ! ಮರಳು ಕೈಗೆ ಸಿಕ್ಕಿದ್ದು ಪುಣ್ಯ.

‘ಹನ್ನೆರಡೇ ವೋಲ್ಟು, ಏನಾದೀತು?’ ಎಂಬ ಧೈರ್ಯ ಸಲ್ಲದು. ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಹರಿಯಬೇಕು. 3,000 ವಾಟ್ ಎಳೆಯುವ ಸ್ಟಾರ್ಟರಿಗೆ 12 ವೋಲ್ಟಿನಲ್ಲಿ 250 ಆಂಪಿಯರ್ ಬೇಕು. ಎಂಜಿನ್ ಅಲುಗುವ ಮೊದಲ ಕ್ಷಣದಲ್ಲಿ ಇನ್ನೂ ಹೆಚ್ಚು. ಮನೆಯ 2.5 ಚದರ ಮಿ.ಮೀ. ತಂತಿ ಹೊರುವುದು ಸುಮಾರು 20 ಆಂಪಿಯರ್ ಮಾತ್ರ.

ದೊಡ್ಡ ಪಂಪಿಗೆ ಸಣ್ಣ ಪೈಪು ಹಾಕಿದರೆ ನೀರು ಏರದು. ಕೇಬಲ್ಲಿನ ಕಥೆಯೂ ಅಷ್ಟೆ. ಹೋಗಿಬರುವ ತಾಮ್ರದ ಕೇಬಲ್ ಒಟ್ಟು 2 ಮೀಟರ್, ವಿದ್ಯುತ್ತು 300 ಆಂಪಿಯರ್ ಎಂದಿಟ್ಟುಕೊಳ್ಳಿ. 10 ಚದರ ಮಿ.ಮೀ. ಕೇಬಲ್ಲಿನಲ್ಲೇ ಸುಮಾರು 1 ವೋಲ್ಟ್ ನಷ್ಟವಾಗುತ್ತದೆ. 35 ಚದರ ಮಿ.ಮೀ. ಆದರೆ 0.3 ವೋಲ್ಟ್. ನಷ್ಟ ಅರ್ಧ ವೋಲ್ಟ್ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಕೇಬಲ್ ಉದ್ದವಾದಷ್ಟೂ ದಪ್ಪವೂ ಹೆಚ್ಚಬೇಕು. ಯಾವ ಕಾರಣಕ್ಕೂ ಟ್ರಾಕ್ಟರಿನೊಂದಿಗೆ ಬಂದ ಕೇಬಲ್ಲಿಗಿಂತ ತೆಳುವಾದುದನ್ನು ಹಾಕಬೇಡಿ.

ಕೊಳ್ಳುವಾಗ ಹೊದಿಕೆಯ ದಪ್ಪ ನೋಡಿ ಮೋಸಹೋಗಬೇಡಿ. ತುದಿ ಬಿಡಿಸಿ ಒಳಗಿನ ಎಳೆ ನೋಡಿ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು. ಅಲ್ಯೂಮಿನಿಯಂಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ದಪ್ಪ ಬೇಕಾಗುತ್ತದೆ.

ಕೇಬಲ್ ಮೇಲೆ ನಮೂದಿಸಿದ ಆಂಪಿಯರ್ ಸತತವಾಗಿ ಹರಿಯುವ ವಿದ್ಯುತ್ತಿಗೆ ಸಂಬಂಧಿಸಿದ್ದು. ಸ್ಟಾರ್ಟರ್ ಕೆಲಸ ಕೆಲವೇ ಸೆಕೆಂಡುಗಳದು. ಆದ್ದರಿಂದ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯದೆ, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ದೀಪದ ತಂತಿಗೆ ಫ್ಯೂಸ್ ಇರಲೇಬೇಕು. 55 ವಾಟಿನ ಎರಡು ದೀಪಕ್ಕೆ ಸುಮಾರು 9 ಆಂಪಿಯರ್, 2.5 ಚದರ ಮಿ.ಮೀ. ತಂತಿ, 15 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಿಸಿ. ಸುಟ್ಟ ಫ್ಯೂಸಿಗೆ ಬದಲಾಗಿ ದಪ್ಪ ತಂತಿ ಸುತ್ತಿದರೆ ಮುಂದೆ ಸುಡುವುದು ಟ್ರಾಕ್ಟರೇ.

ಸ್ಟಾರ್ಟರ್ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದು ಕಬ್ಬಿಣದ ಅಂಚಿಗೆ ಉಜ್ಜದಂತೆ ರಬ್ಬರ್ ಹಾಕಿ ಬಿಗಿದು ಕಟ್ಟಿ. ಬಿಚ್ಚುವಾಗ ಮೊದಲು ಬಾಡಿಗೆ ಸೇರಿದ ಅರ್ತ್ ತುದಿ. ಜೋಡಿಸುವಾಗ ಅದೇ ಕೊನೆಗೆ.

ಇಂದೇ ಒಂದು ಪರೀಕ್ಷೆ ಮಾಡಿ. ಟ್ರಾಕ್ಟರ್ ಚಾಲೂ ಮಾಡಿ, ನಿಲ್ಲಿಸಿ, ಕೇಬಲ್ ಮುಟ್ಟಿ ನೋಡಿ. ತುದಿ ಮಾತ್ರ ಬಿಸಿಯಾಗಿದ್ದರೆ ಉಜ್ಜಿ, ಬಿಗಿಮಾಡಿ. ಉದ್ದಕ್ಕೂ ಬಿಸಿಯಾಗಿದ್ದರೆ, ಮುಂದಿನ ಹುಲ್ಲಿನ ಹೊರೆ ಹೇರುವ ಮುನ್ನ ಬದಲಾಯಿಸಿಬಿಡಿ.