ಛಾಯಾಚಿತ್ರದ ಮೂಲಶೋಧ: ಡ್ರೈವ್-ಇನ್ ಚಿತ್ರಮಂದಿರವೊಂದರ ಸಾಕ್ಷ್ಯ

ಹಲ್ಮಿಡಿ ಶಾಸನದಲ್ಲಿ ಕಾಲನಿರ್ದೇಶವಿಲ್ಲ. ಲಿಪಿ, ಭಾಷೆ ಮೊದಲಾದ ಆಧಾರಗಳಿಂದ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 450ಕ್ಕೆ ಸೇರಿಸಿದ್ದಾರೆ. ತಾರೀಖಿಲ್ಲದ ಹಳೆಯ ಛಾಯಾಚಿತ್ರವನ್ನೂ ಇದೇ ಶಿಸ್ತಿನಿಂದ ಓದಬೇಕಾಗುತ್ತದೆ. ಮುಚ್ಚಿಹೋದ ಡ್ರೈವ್-ಇನ್ ಚಿತ್ರಮಂದಿರಗಳ ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನ.

ಕಾರಿನಲ್ಲಿ ಕುಳಿತೇ ಬಯಲಿನ ತೆರೆಯಲ್ಲಿ ಚಲನಚಿತ್ರ ನೋಡುವ ಈ ವ್ಯವಸ್ಥೆಯನ್ನು ರಿಚರ್ಡ್ ಹಾಲಿಂಗ್ಸ್‌ಹೆಡ್ 1933ರಲ್ಲಿ ಅಮೆರಿಕದ ಕ್ಯಾಮ್ಡೆನ್ ಬಳಿ ಆರಂಭಿಸಿದರು. ಮೊದಲು ಧ್ವನಿ ತೆರೆಯ ಕಡೆಯಿಂದಲೇ ಬರುತ್ತಿತ್ತು; ಕಾರಿಗೊಂದರಂತೆ ಕಂಬಕ್ಕೆ ತೂಗುಹಾಕಿದ ಪುಟ್ಟ ಧ್ವನಿವರ್ಧಕ ಬಂದದ್ದು 1940ರ ದಶಕದಲ್ಲಿ. 1953ರಲ್ಲಿ ಸಿನಿಮಾಸ್ಕೋಪ್ ಬಂದ ತರುವಾಯ ತೆರೆಗಳು ಅಗಲವಾದವು. ಆದುದರಿಂದ ಕಂಬ, ತೆರೆ, ಕಾರಿನ ಮಾದರಿ ಇವೆಲ್ಲ ಚಿತ್ರದ ಕಾಲದ ಪೂರ್ವಮಿತಿಯನ್ನು ಸೂಚಿಸುತ್ತವೆ. ಉತ್ತರಮಿತಿಯನ್ನು ಇವು ಹೇಳಲಾರವು. ಹಳೆಯ ಕಾರು ಹಲವು ವರ್ಷ ಓಡಬಲ್ಲದು.

ತೆರೆಯ ಮೇಲಿನ ದೃಶ್ಯವೇ ಕಾಲವನ್ನು ಹೇಳೀತೆಂಬುದು ಸಹಜವಾದ ಊಹೆ. ಓ. ವಿನ್‌ಸ್ಟನ್ ಲಿಂಕ್ 1956ರಲ್ಲಿ ವೆಸ್ಟ್ ವರ್ಜೀನಿಯಾದ ಯೇಗರ್ ಎಂಬ ಊರಿನಲ್ಲಿ ತೆಗೆದ ‘ಹಾಟ್‌ಶಾಟ್ ಈಸ್ಟ್‌ಬೌಂಡ್’ ಈ ಊಹೆಯನ್ನು ಪ್ರಶ್ನಿಸುತ್ತದೆ. ಮುಂದೆ ಕಾರಿನಲ್ಲಿ ಯುವಜೋಡಿ, ತೆರೆಯಲ್ಲಿ ಜೆಟ್ ವಿಮಾನ, ಆಚೆ ಧಾವಿಸುವ ಉಗಿಬಂಡಿ. ಆದರೆ ಇರುಳನ್ನು ಬೆಳಗಿಸಿದ ಫ್ಲ್ಯಾಷ್ ಬಲ್ಬುಗಳ ಪ್ರಖರತೆಗೆ ತೆರೆಯ ಬಿಂಬ ಅಳಿಸಿಹೋಗಿತ್ತು. ಬೇರೊಂದು ನೆಗೆಟಿವಿನ ವಿಮಾನವನ್ನು ಲಿಂಕ್ ಮುದ್ರಣದಲ್ಲಿ ಕೂಡಿಸಿದರು. ಆ ಕಾರೂ ಅವರದೇ.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದನ್ನು ಪ್ರಕ್ಷೇಪವೆನ್ನಬಹುದೆ? ಪ್ರಕ್ಷೇಪ ಅನ್ಯರ ಕೈವಾಡ; ಇದು ಕರ್ತೃವೇ ತಿದ್ದಿದ ಪಾಠ. ಚಿತ್ರಮಂದಿರವೂ ಉಗಿಬಂಡಿಯೂ ನಿಜ. ಆ ರೈಲುಮಾರ್ಗದ ಉಗಿಯುಗ 1960ರಲ್ಲಿ ಮುಗಿದುದರಿಂದ ಚಿತ್ರದ ಸಾಕ್ಷ್ಯಮೌಲ್ಯ ದೊಡ್ಡದು. ಅದು ಸಾಕ್ಷಿಯಾಗಲಾರದ್ದು ತೆರೆಯ ಮೇಲಿನ ಆ ಕ್ಷಣಕ್ಕೆ ಮಾತ್ರ. ಈ ಭೇದವನ್ನು ತಿಳಿಸಿದ್ದು ನೆಗೆಟಿವು ಮತ್ತು ಛಾಯಾಗ್ರಾಹಕರ ಹೇಳಿಕೆ, ಅಂದರೆ ಬಾಹ್ಯ ಸಾಕ್ಷ್ಯ.

ಈ ವಿವೇಕ ನಮಗೂ ಅಗತ್ಯ. ಮುಂಬಯಿ ಕನ್ನಡಿಗರ ರಾತ್ರಿಶಾಲೆ, ನಾಟಕ, ಸಂಘಗಳ ಚರಿತ್ರೆಯ ಎಷ್ಟೋ ಭಾಗ ಮನೆಗಳ ಆಲ್ಬಮ್ಮುಗಳಲ್ಲಿದೆ. ಇಂದು ಅವುಗಳ ಮುಮ್ಮುಖವನ್ನಷ್ಟೇ ಪ್ರತಿಮಾಡಿ ಹಂಚಲಾಗುತ್ತಿದೆ. ಹಿಂಬದಿಯ ಸ್ಟುಡಿಯೋ ಮುದ್ರೆ, ಕೈಬರಹ, ಆಲ್ಬಮ್ಮಿನ ಅನುಕ್ರಮ, ಕೊಟ್ಟವರ ಮಾತು ಇವೆಲ್ಲವನ್ನೂ ಸಂಶೋಧಕರು ದಾಖಲಿಸಬೇಕು. ಊಹೆಯನ್ನು ಊಹೆಯೆಂದೇ ಬರೆಯಬೇಕು. ಇಂದಿನ ಊಹೆ ನಾಳೆ ಶೀರ್ಷಿಕೆಯಾಗಿ, ನಾಡಿದ್ದು ಚರಿತ್ರೆಯಾಗುತ್ತದೆ.