ಎರಡನೇ ತರಗತಿಯ ಪಾಠ: ಒಂದು ದಲಿತ ಓದು

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕಾವ್ಯ, ಕಾದಂಬರಿ, ಆತ್ಮಕಥನಗಳ ಕಡೆ ಹೊರಳುತ್ತೇವೆ. ಅದು ಸಹಜವೇ. ಆದರೆ ಕೇರಿಯ ಮಗು ತನ್ನ ಬದುಕಿನಲ್ಲಿ ಮೊದಲು ಎದುರಾಗುವ ಪಠ್ಯ ಇವು ಯಾವುವೂ ಅಲ್ಲ. ಸರಕಾರ ಅಚ್ಚು ಹಾಕಿಸಿ ಪುಕ್ಕಟೆ ಕೊಡುವ ಒಂದನೇ, ಎರಡನೇ ತರಗತಿಯ ಪುಸ್ತಕವೇ ಅದರ ಮೊದಲ ಪಠ್ಯ. ಊರು ಊರಿಗೂ ತಲುಪುವ ಈ ಪುಸ್ತಕವನ್ನು ವಿಮರ್ಶಕರು ಕೈಯಲ್ಲಿ ಹಿಡಿಯುವುದು ಕಡಿಮೆ. ಮಕ್ಕಳ ಪುಸ್ತಕದಾಗ ಏನೈತಿ ಓದೂದು ಅನ್ನುವ ಉದಾಸೀನ ಅದಕ್ಕೆ ಕಾರಣ. ಎರಡನೇ ತರಗತಿಯಲ್ಲಿ ವಿಷಯವಾರು ಏನು ಕಲಿಸುತ್ತಾರೆ, ಅದರ ಬೆನ್ನಿಗೇ ದಲಿತ ಮಗು ಇನ್ನೇನನ್ನು ಕಲಿಯಬೇಕಾಗುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಯಾದಗಿರಿ ಪಟ್ಟಣಕ್ಕೆ ಹತ್ತಿರದ ಮುದನಾಳದಂಥ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ.

ಎರಡನೇ ತರಗತಿಯೇ ಯಾಕೆ? ಒಂದನೇ ತರಗತಿಯಲ್ಲಿ ಮಗು ಓದುವುದನ್ನು ಕಲಿಯುತ್ತದೆ. ಮೂರನೇ ತರಗತಿಯಿಂದ ಓದಿ ಕಲಿಯಬೇಕಾಗುತ್ತದೆ. ನಡುವಿನ ಹೊಸ್ತಿಲು ಎರಡನೆಯದು. 2021ರಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ನಿಪುಣ ಭಾರತ' ಕಾರ್ಯಕ್ರಮ ಈ ಹೊಸ್ತಿಲಿಗೆ ಅಳತೆಗಳನ್ನು ಇಟ್ಟಿತು. ಎರಡನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು ಅರ್ಥ ಸಹಿತ ಓದಬೇಕು, 999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು, 99ರವರೆಗಿನ ಸಂಖ್ಯೆಗಳಲ್ಲಿ ಕಳೆಯುವ ಲೆಕ್ಕ ಮಾಡಬೇಕು. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಕನ್ನಡ, ಗಣಿತ, ಪರಿಸರ ಅಧ್ಯಯನಗಳ ಜೊತೆಗೆ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷೂ ಸೇರಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಈ ಹಂತದಲ್ಲಿ ಮಗುವನ್ನು ನಪಾಸು ಮಾಡಿ ಹಿಂದೆ ಇಡುವಂತಿಲ್ಲ. ಇದು ಒಳ್ಳೆಯದೇ. ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಎರಡನೆಯದರಲ್ಲಿ ಓದು ಬಾರದ ಮಗು ಯಾರ ಕಣ್ಣಿಗೂ ಬೀಳದೆ ಐದನೆಯದಕ್ಕೆ ಹೋಗಿ ಕೂರಬಹುದು. ಅಷ್ಟೊತ್ತಿಗೆ 'ದಡ್ಡ' ಅನ್ನುವ ಹೆಸರು ಅದಕ್ಕೆ ಅಂಟಿರುತ್ತದೆ. ಆ ಹೆಸರಿನ ಹಿಂದೆ ಜಾತಿಯ ಹೆಸರು ತಾನಾಗಿ ಬಂದು ನಿಲ್ಲುತ್ತದೆ.

ಇದಕ್ಕೆ ಚರಿತ್ರೆ ಇದೆ. 1856ರಲ್ಲಿ ಧಾರವಾಡದ ಸರಕಾರಿ ಶಾಲೆ ಮಹಾರ್ ಹುಡುಗನೊಬ್ಬನಿಗೆ ಪ್ರವೇಶ ಕೊಡಲಿಲ್ಲ. ಅವನು ಸುಮ್ಮನಾಗದೆ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡ ಸರಕಾರವೇ, ಒಬ್ಬನಿಗಾಗಿ ಉಳಿದವರ ವಿರೋಧ ಕಟ್ಟಿಕೊಳ್ಳಲಾಗದೆಂದು ಕೈಚೆಲ್ಲಿತು. ಸರಕಾರಿ ಶಾಲೆ ಎಲ್ಲ ವರ್ಗಗಳಿಗೂ ತೆರೆದಿರಬೇಕೆಂದು 1858ರಲ್ಲಿ ಕಂಪನಿಯ ನಿರ್ದೇಶಕರ ಮಂಡಳಿ ತತ್ವದ ಮಟ್ಟಿಗೆ ಹೇಳಿತು. ತತ್ವ ಕಾಗದದಲ್ಲಿ ಬಂದ ಮೇಲೂ ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ಸಾತಾರೆಯ ಶಾಲೆಯಲ್ಲಿ ಅಂಬೇಡ್ಕರ್ ಅವರು ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂತದ್ದು ಈ ಘಟನೆಯಾಗಿ ನಾಲ್ಕು ದಶಕಗಳ ನಂತರ.

ನಮ್ಮ ಸೀಮೆಯ ಕಥೆ ಇನ್ನೂ ಬೇರೆ. ಯಾದಗಿರಿ, ಶಹಾಪುರ, ಸುರಪುರಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತ ಮತ್ತು ಮೇಲಿನ ಶಿಕ್ಷಣದ ಭಾಷೆ ಉರ್ದು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ 51.83 ಶೇಕಡಾ, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಹೆಂಗಸರಲ್ಲಿ 41.38. ಇಡೀ ರಾಜ್ಯದ ಸರಾಸರಿ ಆಗ 75.36 ಇತ್ತು. ಈ ಅಂಕಿಗಳ ಅರ್ಥ ಏನು? ಇಲ್ಲಿಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಪಾಟಿ ನೋಡಿ ತಿದ್ದುವವರು ಇಲ್ಲ. ಶಾಲೆಯಲ್ಲಿ ಆಗುವುದಷ್ಟೇ ಅವರ ಕಲಿಕೆ. ಶಾಲೆಯಲ್ಲಿ ಆಗದ್ದು ಎಲ್ಲಿಯೂ ಆಗುವುದಿಲ್ಲ.

ಮೊದಲು ಕನ್ನಡ ವಿಷಯ ನೋಡೋಣ. ಕಾಗುಣಿತ, ಒತ್ತಕ್ಷರ, ಸಣ್ಣ ವಾಕ್ಯ, ಪದ್ಯ, ಕತೆ ಇವು ಈ ಹಂತದ ಪಾಠಗಳು. ಮುದನಾಳದ ಕಡೆ ಮಗು 'ಮನಿ' ಅನ್ನುತ್ತದೆ, ಪುಸ್ತಕ 'ಮನೆ' ಅನ್ನುತ್ತದೆ. ಮಗುವಿನ ಬಾಯಲ್ಲಿ ಮಳಿ, ಎಲಿ, ಬ್ಯಾಳಿ, ಜ್ವಾಳ, ಸಾಲಿ. ಪುಸ್ತಕದಲ್ಲಿ ಮಳೆ, ಎಲೆ, ಬೇಳೆ, ಜೋಳ, ಶಾಲೆ. ಈಗ ಒಂದು ಮಗು ಪಾಟಿಯ ಮೇಲೆ 'ಮನಿ' ಎಂದು ಬರೆಯಿತು ಅನ್ನಿ. ಅದು ತಪ್ಪೇ? ಅಕ್ಷರಕಲಿಕೆಯ ಲೆಕ್ಕದಲ್ಲಿ ಅದು ಪೂರ್ತಿ ಸರಿ. ತಾನು ಆಡುವ ದನಿಯನ್ನು ಒಡೆದು, ಕೊನೆಗೆ ಇಕಾರವಿದೆ ಎಂದು ಗುರುತಿಸಿ, 'ನ'ಕ್ಕೆ ಗುಡಿಸು ಕೊಟ್ಟು ಬರೆದಿದೆ. ಕಾಗುಣಿತ ಬಂದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಕೆಂಪು ಮಸಿ ಬಿದ್ದಾಗ ಮಗು ಕಲಿಯುವುದು ಎತ್ವದ ಪಾಠವನ್ನಲ್ಲ. ನಮ್ಮವ್ವ ಆಡುವ ಮಾತು ತಪ್ಪು ಎಂಬ ಪಾಠವನ್ನು. 'ಮನೆ'ಯನ್ನು ಕಲಿಸಬಾರದು ಅಂತ ನಾನು ಹೇಳುತ್ತಿಲ್ಲ. 'ಮನಿ' ನಾವು ಆಡೂದು, 'ಮನೆ' ಪುಸ್ತಕದಾಗ ಬರೆಯೂದು ಎಂದು ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಕೆಲಸ ಮುಗಿಯಿತು. ಪದವಿ ತರಗತಿಗೆ ಬಂದ ಮೇಲೂ ಒಂದು ಪುಟ ಸ್ವಂತ ಬರೆಯಲು ಅಂಜುವ ನಮ್ಮ ಭಾಗದ ಹುಡುಗ ಹುಡುಗಿಯರನ್ನು ನೋಡಿದಾಗ, ಆ ಅಂಜಿಕೆಯ ಬೇರು ಈ ಕೆಂಪು ಮಸಿಯಲ್ಲಿದೆ ಅನಿಸುತ್ತದೆ.

ಮಹಾಪ್ರಾಣಗಳದ್ದೂ ಇದೇ ಪ್ರಶ್ನೆ. ಕನ್ನಡಿಗರ ಸಹಜ ಮಾತಿನಲ್ಲಿ ಇಲ್ಲದ ಮಹಾಪ್ರಾಣಗಳು ಬರಹಕ್ಕೂ ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಆ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಏಳು ವರ್ಷದ ಮಗುವಿಗೆ ಅದು ಕಿವಿಯಿಂದಲೇ ಕೇಳದ ಒಂದು ವ್ಯತ್ಯಾಸವನ್ನು ಬರಹದಲ್ಲಿ ಮಾಡು ಎನ್ನುತ್ತೇವೆ, ಮಾಡದಿದ್ದರೆ ಉಚ್ಚಾರ ಶುದ್ಧ ಇಲ್ಲ ಅನ್ನುತ್ತೇವೆ. 'ಶುದ್ಧ' ಎಂಬ ಮಾತು ಕೇರಿಯ ಮಗುವಿನ ಕಿವಿಗೆ ಬರೀ ವ್ಯಾಕರಣದ ಮಾತಾಗಿ ಕೇಳುವುದಿಲ್ಲ.

ಇನ್ನು ಗಣಿತ. ಲೆಕ್ಕಕ್ಕೆ ಜಾತಿ ಇಲ್ಲ ಅನ್ನುವುದುಂಟು. ಬಿಡಿ, ಹತ್ತು, ನೂರರ ಸ್ಥಾನಬೆಲೆ, ದಶಕ ಸಹಿತ ಕೂಡುವುದು ಕಳೆಯುವುದು, ಗೇಣು ಮೊಳಗಳಿಂದ ಅಳೆಯುವುದು, ನೋಟು ನಾಣ್ಯ, ಗಡಿಯಾರ ಇವು ಪಾಠಗಳು. 52ರಲ್ಲಿ 27 ಕಳೆಯಬೇಕು. 'ಎರಡರಾಗ ಏಳು ಹೋಗೂದಿಲ್ಲ, ಬಾಜು ಮನಿಯಿಂದ ಒಂದು ಸಾಲ ತಗೊ' ಎಂದು ಹೇಳಿಕೊಡುವುದುಂಟು. ಪಾಟಿಯ ಮೇಲಿನ ಸಾಲ ವಿಚಿತ್ರದ್ದು. ಬಾಜು ಮನೆಯವನು ಕೇಳಿದ ಕೂಡಲೇ ಹತ್ತು ಕೊಡುತ್ತಾನೆ, ಬಡ್ಡಿ ಇಲ್ಲ, ತೀರಿಸುವುದೂ ಇಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬರುವ ತನಕ, ಎಷ್ಟೋ ಕಡೆ ಅದು ಬಂದ ಮೇಲೂ, ಸಾಲವೆಂದರೆ ಒಂದು ಇಡೀ ಮನೆತನದ ದುಡಿಮೆ ಅಡವಿಗೆ ಬಿದ್ದದ್ದು ಎಂದು ತಿಳಿದ ಸಮುದಾಯದ ಮಗುವಿಗೆ ಈ ಹೋಲಿಕೆ ಏನು ಹೇಳೀತು? ಅದಕ್ಕಿಂತ ಹತ್ತರ ಕಟ್ಟನ್ನು ಬಿಚ್ಚಿ ಬಿಡಿ ಮಾಡುವುದು ಎಂದರೆ ನೇರವಾಗಿ ತಿಳಿಯುತ್ತದೆ. ಹುಲ್ಲಿನ ಸಿವುಡು ಕಟ್ಟಿ ಬಿಚ್ಚುವುದನ್ನು ಅದು ದಿನಾ ನೋಡಿದೆ.

ಈ ಭಾಗದಲ್ಲಿ ಹತ್ತಿ ಬಿಡಿಸುವ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವುದುಂಟು. ಸುಗ್ಗಿಯಲ್ಲಿ ಸಾಲಿ ಬಿಟ್ಟು ಅವ್ವನ ಜೊತೆ ಹೊಲಕ್ಕೆ ಹೋಗುವ ಮಗು ಆ ತೂಕವನ್ನು ಕಣ್ಣಾರೆ ಕಾಣುತ್ತದೆ. ಅವ್ವ 38 ಕಿಲೋ ಬಿಡಿಸಿದಳು, ಮಾಲಕ 35 ಅಂತ ಬರೆದುಕೊಂಡ, ಎಷ್ಟು ಕಡಿಮೆ ಬಿತ್ತು? ಇದು ಎರಡನೇ ತರಗತಿಯ ಅಳತೆಗೆ ಸರಿಯಾಗಿ ಕೂರುವ ಲೆಕ್ಕ. ಆದರೆ ಶಾಲೆಯ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಕೊಳ್ಳುವವರು, ಮಾರುವವರು, ಹಣ್ಣು ಹಂಚುವವರು ಬರುತ್ತಾರೆ. ಕೂಲಿ ಎಣಿಸಿಕೊಳ್ಳುವವಳು ಬರುವುದು ಅಪರೂಪ. ಲೆಕ್ಕ ಬಾರದವನ ಕೂಲಿಯನ್ನು ಯಾರು ಹೇಗೆ ತಿನ್ನುತ್ತಾರೆ ಎಂಬುದು ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಸಂಗತಿ. ಆ ಕಾರಣಕ್ಕೇ ಗಣಿತ ಕೇರಿಗೆ ತುರ್ತು ವಿಷಯ.

ಪರಿಸರ ಅಧ್ಯಯನಕ್ಕೆ ಬಂದರೆ ಮರೆಮಾಚುವಿಕೆ ಇನ್ನೂ ಆಳವಾಗಿದೆ. ಕುಟುಂಬ, ಮನೆ, ಆಹಾರ, ನೀರು, ಸ್ವಚ್ಛತೆ, ಕಸುಬುಗಳು ಇಲ್ಲಿಯ ವಸ್ತು. ನೀರಿನ ಮೂಲಗಳು ಯಾವುವು ಎಂದರೆ ಕೆರೆ, ಬಾವಿ, ಹೊಳೆ, ಕೊಳವೆಬಾವಿ ಎಂದು ಮಗು ಪಟ್ಟಿ ಹೇಳುತ್ತದೆ. ಆ ಬಾವಿಗೆ ಯಾರು ಕೊಡ ಇಳಿಬಿಡಬಹುದಿತ್ತು, ಯಾರು ದೂರ ನಿಂತು ಬೇರೆಯವರು ಸುರಿಯುವುದನ್ನು ಕಾಯಬೇಕಿತ್ತು ಎಂಬುದು ಪಟ್ಟಿಯಲ್ಲಿ ಇಲ್ಲ. 1927ರ ಮಾರ್ಚಿಯಲ್ಲಿ ಮಹಾಡಿನ ಚವದಾರ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಾವಿರಾರು ಜನ ಕುಡಿದದ್ದು ನೀರಿನ ಪಾಠವೇ ತಾನೆ? ಏಳು ವರ್ಷದ ಮಗುವಿಗೆ ಅದನ್ನು ಕತೆಯಾಗಿ ಹೇಳಲು ಯಾವ ತೊಡಕೂ ಇಲ್ಲ.

ಕಸುಬುಗಳ ಪಾಠ ಶಾಲೆಗಳಲ್ಲಿ 'ನಮ್ಮ ಸಹಾಯಕರು' ಎಂಬಂಥ ಹೆಸರಿನಲ್ಲಿ ಬರುವುದುಂಟು. ಕುಂಬಾರ, ಕಮ್ಮಾರ, ಬಡಗಿ, ಚಪ್ಪಲಿ ಹೊಲಿಯುವವರು, ಬೀದಿ ಗುಡಿಸುವವರು. ಇಲ್ಲಿ 'ನಮ್ಮ' ಎಂದರೆ ಯಾರು? ಚಿತ್ರದಲ್ಲಿ ಪೊರಕೆ ಹಿಡಿದವಳು ತನ್ನ ಅವ್ವನೇ ಆಗಿರುವಾಗ, ಆ ಮಗು 'ನಮ್ಮ'ದ ಒಳಗಿದೆಯೋ ಹೊರಗಿದೆಯೋ? ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ, ಜಾತಿಪದ್ಧತಿ ದುಡಿಮೆಯನ್ನಷ್ಟೇ ಅಲ್ಲ, ದುಡಿಯುವವರನ್ನೇ ಮೇಲುಕೀಳಾಗಿ ವಿಂಗಡಿಸಿದೆ ಎಂದು ತೋರಿಸಿದರು. ಕಸುಬಿನ ಪಾಠ ಹುಟ್ಟಿನಿಂದ ಬಂದ ಕೆಲಸವನ್ನು ಸಹಾಯ ಎಂದು ಕರೆದ ಕೂಡಲೇ ಆ ವಿಂಗಡಣೆ ನಿಸರ್ಗದ ಭಾಗವಾಗಿಬಿಡುತ್ತದೆ. ಮಳೆ ಬರುತ್ತದೆ, ಸೂರ್ಯ ಮೂಡುತ್ತಾನೆ, ಇವರು ಗುಡಿಸುತ್ತಾರೆ. ಪರಿಸರ ಅಂದರೆ ಇಷ್ಟೇನಾ?

ಆಹಾರದ ಪಾಠಕ್ಕೆ ಮಾತ್ರ ಶಾಲೆಯ ಅಡುಗೆಕೋಣೆಯೇ ಒಂದು ಉತ್ತರ ಕೊಟ್ಟಿದೆ. 2002ರಲ್ಲಿ ಅಕ್ಷರ ದಾಸೋಹ ಶುರುವಾದದ್ದು ಆಗಿನ ಗುಲಬರ್ಗಾ ಜಿಲ್ಲೆಯೂ ಸೇರಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗಲೂ ಮೊದಲ ಏಳು ಜಿಲ್ಲೆಗಳಲ್ಲಿ ಯಾದಗಿರಿ ಇತ್ತು. ಕೆಲವು ಮಠಾಧಿಪತಿಗಳು ವಿರೋಧಿಸಿದರು. ಬೇಡವಾದವರಿಗೆ ಬಾಳೆಹಣ್ಣು ಇತ್ತು, ಆದರೂ ಮೊಟ್ಟೆ ತಿನ್ನುವ ಮಕ್ಕಳಿಗೂ ಕೊಡಬಾರದೆಂಬ ಹಟ ಕಂಡಿತು. ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಪ್ರಸಂಗಗಳೂ ರಾಜ್ಯದ ಹಲವೆಡೆ ವರದಿಯಾಗಿವೆ. ಸಮತೋಲನ ಆಹಾರದ ಪಾಠ ಓದಿದ ಮಗು ಅದೇ ದಿನ ಪಂಕ್ತಿಯಲ್ಲಿ ಇದನ್ನೂ ಓದಿಕೊಳ್ಳುತ್ತದೆ.

ಇಂಗ್ಲಿಷಿನ ಬಗ್ಗೆ ನಮ್ಮೊಳಗೇ ಎರಡು ಮಾತಿವೆ. ಕನ್ನಡ ಹೋರಾಟಗಾರರ ಜೊತೆ ನಿಲ್ಲಬೇಕೋ, ಇಂಗ್ಲಿಷನ್ನು ಬಿಡುಗಡೆಯ ಭಾಷೆ ಎಂದು ಕಂಡ ಸಾವಿತ್ರಿಬಾಯಿ ಫುಲೆಯವರ ಜೊತೆಗೋ? ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಹಣವಿದ್ದವರ ಆಯ್ಕೆ ಸುಲಭವಾಯಿತು. ಕೇರಿಯ ತಂದೆತಾಯಿಗೆ ಇಂಗ್ಲಿಷ್ ಬೇಕು, ಅದು ನ್ಯಾಯವಾದ ಬೇಡಿಕೆ. ಆದರೆ ಎರಡನೇ ತರಗತಿಯಲ್ಲಿ ಆ ಮಗು ಏಕಕಾಲಕ್ಕೆ ಎರಡು ಹೊಸ ಭಾಷೆಗಳನ್ನು ಕಲಿಯುತ್ತಿದೆ, ಒಂದು ಇಂಗ್ಲಿಷ್, ಇನ್ನೊಂದು ಪುಸ್ತಕದ ಕನ್ನಡ. ತಾಂಡಾದ ಮಗುವಿಗೆ ಲಂಬಾಣಿಯ ಮೇಲೆ ಇವೆರಡೂ ಹೇರು. ಮನೆಮಾತಿನ ನೆಲೆ ಗಟ್ಟಿಯಾಗದೆ ಮೇಲಿನ ಅಂತಸ್ತು ನಿಲ್ಲುವುದಿಲ್ಲ.

ಇಷ್ಟೆಲ್ಲದರ ನಡುವೆ ನಲಿಕಲಿಯನ್ನು ನಾವು ಗಮನವಿಟ್ಟು ನೋಡಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಶಿಕ್ಷಕರೇ ಮುಂದಾಗಿ ಕಟ್ಟಿದ ಈ ಕ್ರಮ 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡುಗಳು, ಕಲಿಕಾ ಏಣಿ, ಮೈಲಿಗಲ್ಲುಗಳು. ಅದು ಮಕ್ಕಳನ್ನು ಸಾಲಿನಲ್ಲಿ ಕೂರಿಸಲಿಲ್ಲ, ದುಂಡಗೆ ಗುಂಪಿನಲ್ಲಿ ಕೂರಿಸಿತು. ಗುಂಪು ಕಟ್ಟಿದ್ದು ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದರ ಮೇಲೆ. ಹಾಗಾಗಿ ಊರ ಮಗು, ಕೇರಿಯ ಮಗು ಒಂದೇ ತಟ್ಟೆಯ ಸುತ್ತ ಮೊಣಕಾಲು ತಾಗಿಸಿ ಕೂರಬೇಕಾಯಿತು. ಸಹಪಾಠಿಯಿಂದ ಕಲಿಯುವ ಗುಂಪಿನಲ್ಲಿ ಕೇರಿಯ ಹುಡುಗಿ ಗೌಡರ ಮನೆಯ ಹುಡುಗನಿಗೆ ಹೇಳಿಕೊಡುವ ಸಂದರ್ಭ ಬಂತು. ಗುಳೆ ಹೋಗಿ ಎರಡು ತಿಂಗಳು ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದಿತ್ತು. ಆದರೆ ಈ ಕ್ರಮ ನಿಂತಿರುವುದು ಶಿಕ್ಷಕರ ಮೇಲೆ. ಮೂರು ತರಗತಿಗೆ ಒಬ್ಬರೇ ಇದ್ದು, ಅವರೂ ಕಚೇರಿ ಕೆಲಸಕ್ಕೆ ಓಡಿದರೆ, ಸ್ವಕಲಿಕೆಯ ಗುಂಪು ಸುಮ್ಮನೆ ಕೂತ ಗುಂಪಾಗುತ್ತದೆ. ಆ ಗುಂಪಿನಲ್ಲಿ ಕೊನೆಗೆ ಉಳಿಯುವವರು ಯಾರ ಮಕ್ಕಳು ಎಂದು ಹೇಳಬೇಕಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು? ವಿಮರ್ಶಕರು ಆತ್ಮಕಥನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಈ ಪುಸ್ತಕಗಳನ್ನು ಓದಬೇಕು. ಲೇಖಕರು ಏಳು ವರ್ಷದ ಮಗು ಓದಬಲ್ಲ ಹತ್ತು ವಾಕ್ಯಗಳ ಕತೆಗಳನ್ನು ನಮ್ಮ ಮಾತಿನಲ್ಲಿ ಬರೆಯಬೇಕು. ಹಲಗಿಯ ಏಟನ್ನು ಎಣಿಸಿ ಲೆಕ್ಕ ಕಲಿಸುವ ಪಾಠ ಯಾಕಿರಬಾರದು? ಕಾರ್ಯಕರ್ತರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ, ಖಾಲಿ ಹುದ್ದೆ ಎಷ್ಟು, ಮಕ್ಕಳನ್ನು ಹೇಗೆ ಕೂರಿಸುತ್ತಾರೆ, ನೀರಿನ ಲೋಟ ಒಂದೇ ಇದೆಯೇ ಎಂದು ಕೇಳಬೇಕು. ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಎರಡನೇ ತರಗತಿ ಮುಗಿಸಿದ ಮಕ್ಕಳನ್ನೆಲ್ಲ ಕೂಡಿಸಿ ಒಂದೊಂದು ಪುಟ ಓದಿಸಬೇಕು. ಯಾರಿಗೆ ಓದು ಬರುವುದಿಲ್ಲವೋ ಅವರ ಹೆಸರು ಬರೆದುಕೊಂಡು ಶಾಲೆಗೆ ಹೋಗಿ ಕಾರಣ ಕೇಳಬೇಕು. ಮರುವರ್ಷ ಅದೇ ಪಟ್ಟಿ ಹಿಡಿದು ಮತ್ತೆ ಹೋಗಬೇಕು.