ತೆರೆದ ಬೀದಿ, ಮುಚ್ಚಿದ ಬಾಗಿಲು

ಬಸದಿಯಲ್ಲಿ ಸಾಲಾಗಿ ಕುಳಿತ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳನ್ನು ಮೊದಲ ಬಾರಿಗೆ ಕಂಡವರಿಗೆ ಯಾರು ಯಾರೆಂದು ತಿಳಿಯುವುದು ಕಷ್ಟ. ಅದೇ ಪದ್ಮಾಸನ, ಅದೇ ಅರೆಮುಚ್ಚಿದ ಕಣ್ಣು, ಅದೇ ನಿರಾಭರಣ ಶಾಂತಿ. ದೃಷ್ಟಿ ಪೀಠದತ್ತ ಇಳಿದಾಗ ಗುರುತು ಸಿಗುತ್ತದೆ. ವೃಷಭವಿದ್ದರೆ ಆದಿನಾಥರು, ಚಂದ್ರನಿದ್ದರೆ ಚಂದ್ರಪ್ರಭರು, ಜಿಂಕೆಯಿದ್ದರೆ ಶಾಂತಿನಾಥರು, ಶಂಖವಿದ್ದರೆ ನೇಮಿನಾಥರು, ಸಿಂಹವಿದ್ದರೆ ವರ್ಧಮಾನ ಮಹಾವೀರರು. ಅಕ್ಷರ ಬಾರದ ಅಜ್ಜಿಯೂ ಓದಬಲ್ಲ ಬರಹವದು. ಆ ಗುರುತಿಗೆ ಲಾಂಛನವೆಂದು ಹೆಸರು. ಇಂದು ಕಂಪನಿ, ಕಾಲೇಜು, ಕ್ರೀಡಾಕೂಟಗಳ ಲೋಗೊವನ್ನು ಕನ್ನಡದಲ್ಲಿ ಕರೆಯುವುದೂ ಅದೇ ಪದದಿಂದಲೇ. ಆದ್ದರಿಂದ ಗ್ರಾಫಿಕ್ ಡಿಸೈನ್ ಓದುವ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸ ಜೈನ ಪರಂಪರೆಗೆ ಅಪರಿಚಿತವೇನಲ್ಲ.

ಆ ವಿದ್ಯಾರ್ಥಿಯ ಓದಿನಲ್ಲಿ ಸ್ಪರ್ಧೆಗಳಿಗೆ ದೊಡ್ಡ ಪಾಲಿದೆ. ಭಿತ್ತಿಪತ್ರ, ಲಾಂಛನ, ಪುಸ್ತಕದ ಮುಖಪುಟ ಹೀಗೆ ಒಂದಿಲ್ಲೊಂದು ಆಹ್ವಾನ ಬರುತ್ತಲೇ ಇರುತ್ತದೆ. ಅಳತೆ ಎಷ್ಟಿರಬೇಕು, ಬಣ್ಣ ಹೇಗೆ ಮುದ್ರಣಗೊಳ್ಳುತ್ತದೆ, ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಅಧ್ಯಾಪಕರು ಕಲಿಸುತ್ತಾರೆ. ಕೃತಿ ಸಿದ್ಧವಾಗುವಾಗ ಕೈ ಎಲ್ಲಿಂದ ಏನನ್ನು ತೆಗೆದುಕೊಳ್ಳುತ್ತಿದೆ ಎಂಬ ಪ್ರಶ್ನೆ ಮಾತ್ರ ತರಗತಿಯಲ್ಲಿ ಅಷ್ಟಾಗಿ ಏಳುವುದಿಲ್ಲ. ಜಿನಧರ್ಮಕ್ಕೆ ಆ ಪ್ರಶ್ನೆಯೇ ಮೊದಲನೆಯದು.

ಇದನ್ನು ವಿಚಾರ ಮಾಡಲು 1970ರಲ್ಲಿ ಅಮೆರಿಕದಲ್ಲಿ ನಡೆದ ಸ್ಪರ್ಧೆಯೊಂದು ನೆರವಾಗುತ್ತದೆ. ಆ ವರ್ಷದ ಏಪ್ರಿಲ್ 22ರಂದು ಅಲ್ಲಿ ಮೊದಲ ಭೂ ದಿನವನ್ನು ಆಚರಿಸಲಾಯಿತು. ಷಿಕಾಗೊ ನಗರದ ಕಂಟೇನರ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ರಟ್ಟಿನ ಪೆಟ್ಟಿಗೆ ತಯಾರಿಸುವ ಕಂಪನಿ, ಬಳಸಿದ ಕಾಗದವನ್ನು ಮತ್ತೆ ಬಳಸುವುದರ ಸಂಕೇತವಾಗಿ ಒಂದು ಚಿಹ್ನೆ ಬೇಕೆಂದು ಕಲೆ ಮತ್ತು ವಿನ್ಯಾಸದ ವಿದ್ಯಾರ್ಥಿಗಳನ್ನು ಆಹ್ವಾನಿಸಿತು. 500ಕ್ಕೂ ಹೆಚ್ಚು ಕೃತಿಗಳು ಬಂದವು. ಗೆದ್ದವರು ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ 23 ವರ್ಷದ ಗ್ಯಾರಿ ಆಂಡರ್ಸನ್. ಒಂದನ್ನೊಂದು ಹಿಂಬಾಲಿಸುವ, ಮಡಚಿದ ಮೂರು ಬಾಣಗಳ ಆ ತ್ರಿಕೋನ ಇಂದು ಹಾಲಿನ ಪೊಟ್ಟಣದಿಂದ ಹಿಡಿದು ಊರಿನ ಕಸದ ಡಬ್ಬಿಯವರೆಗೆ ಎಲ್ಲೆಲ್ಲೂ ಕಾಣುತ್ತದೆ.

ಆ ಚಿತ್ರಕ್ಕೆ ಹಿಡಿದದ್ದು ಒಂದೆರಡು ದಿನ ಮಾತ್ರ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅದನ್ನು ಕೇಳಿದ ವಿದ್ಯಾರ್ಥಿ ಕೊನೆಯ ರಾತ್ರಿಯವರೆಗೆ ಕಾಯಬಹುದೆಂದು ಭಾವಿಸಬಾರದು. ಆಂಡರ್ಸನ್ ಅದಕ್ಕೂ ಮೊದಲೇ ಬಳಸಿದ ನೀರಿನ ಮರುಬಳಕೆಯ ಬಗ್ಗೆ ತರಗತಿಗಾಗಿ ಒಂದು ನಕ್ಷೆಯನ್ನು ಸಿದ್ಧಪಡಿಸಿದ್ದರು. ನೀರು ಜಲಾಶಯದಿಂದ ಮನೆಗೆ, ಮನೆಯಿಂದ ಮತ್ತೆ ಮೂಲಕ್ಕೆ ಹರಿಯುವುದನ್ನು ಬಾಣಗಳಲ್ಲಿ ತೋರಿಸುವ ನಕ್ಷೆ ಅದು. ಆದರೆ ಅದು ಚಪ್ಪಟೆಯಾಗಿ ಕಂಡಿತು. ಆಗ ಬಾಲ್ಯದಲ್ಲಿ ಶಾಲೆಯಿಂದ ಪತ್ರಿಕಾ ಮುದ್ರಣಾಲಯಕ್ಕೆ ಹೋಗಿದ್ದು ನೆನಪಾಯಿತು. ಉರುಳೆಗಳ ಮೇಲೆ ಏರುತ್ತ, ಇಳಿಯುತ್ತ, ಮಡಚಿಕೊಳ್ಳುತ್ತ ಓಡುವ ಕಾಗದದ ಪಟ್ಟಿ ಕಣ್ಣ ಮುಂದೆ ಬಂತು. ಅದರ ಜೊತೆಗೆ ಗಣಿತದ ಮೋಬಿಯಸ್ ಪಟ್ಟಿಯ ಕಲ್ಪನೆ ಸೇರಿತು. ಉದ್ದನೆಯ ಕಾಗದದ ಪಟ್ಟಿಯನ್ನು ಒಮ್ಮೆ ಅರ್ಧ ತಿರುಚಿ ತುದಿಗಳನ್ನು ಅಂಟಿಸಿದರೆ ಅದಕ್ಕೆ ಒಳಮೈ ಹೊರಮೈ ಎಂಬ ಭೇದವೇ ಉಳಿಯದು. ಮನೆಯಲ್ಲಿ ಮಕ್ಕಳು ಮಾಡಿ ನೋಡಬಹುದು. ಪಟ್ಟಿಯ ನಡುವೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದರೆ, ಕೈ ಎತ್ತದೆಯೇ ಎರಡೂ ಬದಿ ಮುಗಿದಿರುತ್ತದೆ.

ಹೀಗೆ ಮೂರು ಕಡೆಯಿಂದ ಬಂದದ್ದು ಒಂದಾಯಿತು. ನೀರಿನ ನಕ್ಷೆ ಅವರದ್ದೇ. ಮುದ್ರಣಯಂತ್ರ ಮತ್ತೊಬ್ಬರದ್ದು, ಆದರೆ ನೋಡಲು ಕರೆದು ತೋರಿಸಿದ್ದು. ಮೋಬಿಯಸ್ ಪಟ್ಟಿ ಜರ್ಮನಿಯ ಗಣಿತಜ್ಞರ ಶೋಧ, ಆದರೆ ಲೋಕಕ್ಕೆ ಕಲಿಸಿದ್ದು. ಇದರಲ್ಲಿ ಕಳವು ಎಲ್ಲಿದೆ? ಇಲ್ಲ ಎಂದು ಮನಸ್ಸು ಕೂಡಲೇ ಹೇಳುತ್ತದೆ. ಏಕೆ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿದವರು ಪೂಜ್ಯಪಾದ ಆಚಾರ್ಯರು.

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರ ಕಳವಿಗೆ ಕೊಟ್ಟ ಲಕ್ಷಣ ಬಹಳ ಚಿಕ್ಕದು: ಅದತ್ತಾದಾನ, ಎಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ವಸ್ತುವಿನ ಬೆಲೆ, ಯಜಮಾನನಿಗಾದ ನಷ್ಟ, ಸಿಕ್ಕಿಬೀಳುವ ಭಯ ಇವೊಂದೂ ಲಕ್ಷಣದೊಳಗೆ ಬರುವುದಿಲ್ಲ. ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ತಾವೇ ಒಂದು ಆಕ್ಷೇಪವನ್ನು ಎತ್ತುತ್ತಾರೆ. ಮುನಿಯು ಊರೊಳಗೆ ನಡೆಯುವಾಗ ಬೀದಿಯನ್ನು, ಊರಬಾಗಿಲನ್ನು ಯಾರೂ ಅವನಿಗೆ ಕೈಯೆತ್ತಿ ಕೊಟ್ಟಿಲ್ಲ; ಹಾಗಾದರೆ ಅವನು ಕೊಡದೇ ಇದ್ದುದನ್ನು ತೆಗೆದುಕೊಂಡಂತಾಗಲಿಲ್ಲವೇ? ಇಲ್ಲ ಎಂಬುದು ಅವರ ಉತ್ತರ. ಬೀದಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಆದ್ದರಿಂದಲೇ ಅದೇ ಮುನಿ ಮುಚ್ಚಿದ ಬಾಗಿಲನ್ನು ತಳ್ಳಿ ಒಳಗೆ ಹೋಗುವುದಿಲ್ಲ, ಏಕೆಂದರೆ ಅದನ್ನು ಬಿಟ್ಟುಕೊಟ್ಟಿಲ್ಲ. ಇದಕ್ಕೆ ಅವರು ಇನ್ನೊಂದು ಮಾತನ್ನೂ ಜೋಡಿಸುತ್ತಾರೆ: ಪ್ರಮತ್ತಯೋಗ, ಅಂದರೆ ಕಷಾಯದಿಂದ ಕಲುಷಿತವಾದ, ಎಚ್ಚರ ತಪ್ಪಿದ ಮನಸ್ಸಿನ ವ್ಯಾಪಾರ ಇದ್ದಲ್ಲಿ ಮಾತ್ರ ಕಳವು ಕಳವಾಗುತ್ತದೆ.

ಒಂದೂವರೆ ಸಾವಿರ ವರ್ಷದಷ್ಟು ಹಳೆಯ ಈ ದೃಷ್ಟಾಂತ ಇಂದಿನ ವಿನ್ಯಾಸ ವಿದ್ಯಾರ್ಥಿಗಾಗಿಯೇ ಬರೆದಂತಿದೆ. ಜ್ಯಾಮಿತಿ, ಬಣ್ಣಗಳ ಹೊಂದಾಣಿಕೆ, ರಂಗೋಲಿಯ ಚುಕ್ಕಿ, ಕಸೂತಿಯ ಗೋಪುರ, ಹಳೆಯ ಶಾಸನದ ಅಕ್ಷರವಟಿವು ಇವೆಲ್ಲ ತೆರೆದ ಬೀದಿ. ಯಾರು ಬೇಕಾದರೂ ನಡೆಯಬಹುದು. ಇನ್ನೊಬ್ಬ ಚಿತ್ರಕಾರ ತನ್ನ ಜಾಲತಾಣದಲ್ಲಿ ಇಟ್ಟ ಚಿತ್ರ ಹಾಗಲ್ಲ. ಕಣ್ಣಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಬೀದಿಯಾಗುವುದಿಲ್ಲ. ಕಿಟಕಿಯಿಂದ ಮನೆಯೊಳಗಿನ ಪೆಟ್ಟಿಗೆ ಕಾಣುವುದೂ ಉಂಟು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಚಿತ್ರ ರಚಿಸಿದವರ ಜೀವಿತಕಾಲ ಮತ್ತು ಅವರ ನಂತರದ 60 ವರ್ಷಗಳವರೆಗೆ ಆ ಬಾಗಿಲಿಗೆ ಚಿಲಕ ಹಾಕಿದೆ. ರಾಜ್ಯದ ನಿಯಮವನ್ನು ಮೀರಿ ಪಡೆಯುವುದೂ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು ಎಂಬುದನ್ನು ಶ್ರಾವಕರು ಬಲ್ಲರು.

ಪ್ರಮತ್ತಯೋಗದ ಮಾತು ಇನ್ನೂ ಸೂಕ್ಷ್ಮ. ಮೋಬಿಯಸ್ ಪಟ್ಟಿಯನ್ನು 1858ರಲ್ಲಿ ಕಂಡುಕೊಂಡವರು ಮೋಬಿಯಸ್ ಒಬ್ಬರೇ ಅಲ್ಲ. ಲಿಸ್ಟಿಂಗ್ ಎಂಬ ಇನ್ನೊಬ್ಬ ಜರ್ಮನ್ ಗಣಿತಜ್ಞರೂ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡಿದ್ದರು. ಇಬ್ಬರಲ್ಲಿ ಯಾರೂ ಕದ್ದವರಲ್ಲ. ಸ್ಪರ್ಧೆಯ ಫಲಿತಾಂಶ ಬಂದೊಡನೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಳವೆಂದು ಕೂಗುವ ಚಾಳಿ ಈಗ ಹೆಚ್ಚಾಗಿದೆ. ಹೋಲಿಕೆ ಇದ್ದರೆ ವಿಚಾರಿಸಬೇಕು, ನಿಜ. ಆದರೆ ಕದಿಯುವ ಭಾವ ಇತ್ತೇ ಇಲ್ಲವೇ ಎಂಬುದು ಹೋಲಿಕೆಯಿಂದಲೇ ತೀರ್ಮಾನವಾಗುವುದಿಲ್ಲ. ಅದನ್ನು ಖಚಿತವಾಗಿ ಬಲ್ಲವನು ರಚಿಸಿದವನೇ.

ಅತಿಚಾರಗಳಲ್ಲಿ ಇನ್ನೆರಡು ವಿದ್ಯಾರ್ಥಿಯ ಮೇಜಿನ ಮೇಲೆಯೇ ಇವೆ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ಗೆಳೆಯ ಬೀಗ ಮುರಿದು ಕೊಟ್ಟ ವಿನ್ಯಾಸದ ತಂತ್ರಾಂಶ, ಎಲ್ಲಿಂದಲೋ ನಕಲಾಗಿ ಪೆನ್‌ಡ್ರೈವ್‌ನಲ್ಲಿ ಬಂದ ಫಾಂಟುಗಳ ಕಂತೆ ಇದರೊಳಗೆ ಬರುತ್ತವೆ. ‘ನಾನು ಕದ್ದಿಲ್ಲ, ಕೊಟ್ಟರು’ ಎಂಬ ಸಮಾಧಾನಕ್ಕೆ ಆಚಾರ್ಯರು ಇಲ್ಲಿ ಎಡೆಗೊಟ್ಟಿಲ್ಲ. ತಂತ್ರಾಂಶ ದುಬಾರಿ, ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ಅದು ಕೈಗೆಟುಕದು ಎಂಬುದೂ ಸುಳ್ಳಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಇಂಕ್‌ಸ್ಕೇಪ್, ಗಿಂಪ್, ಕ್ರಿಟಾದಂಥ ತಂತ್ರಾಂಶಗಳನ್ನು ಅವುಗಳ ನಿರ್ಮಾತೃಗಳೇ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಬಾಲೂ ತಮ್ಮ, ನೋಟೊ, ನವಿಲು, ಗುಬ್ಬಿಯಂಥ ಕನ್ನಡ ಅಕ್ಷರವಿನ್ಯಾಸಗಳೂ ಮುಕ್ತವಾಗಿ ದೊರೆಯುತ್ತವೆ. ಇವು ದತ್ತ, ಕೊಟ್ಟದ್ದು. ಇವುಗಳಿಂದ ಮಾಡಿದ ಕೆಲಸ ಸ್ವಲ್ಪ ನಿಧಾನವಾಗಬಹುದು. ಕಾಲೇಜುಗಳು ಮೊದಲ ವರ್ಷದಲ್ಲೇ ಇವನ್ನು ಕಲಿಸಿದರೆ ಆ ನಿಧಾನವೂ ಇರದು.

ಎರಡನೆಯದು ಪ್ರತಿರೂಪಕ ವ್ಯವಹಾರ: ನಕಲಿಯನ್ನು ಅಸಲಿಯೆಂದು ಸಾಗಹಾಕುವುದು. ಹಿಂದಿನವರು ಇದಕ್ಕೆ ತುಪ್ಪದಲ್ಲಿ ಕಲಬೆರಕೆ, ಚಿನ್ನದಲ್ಲಿ ಬೆರಕೆ ಎಂದು ಉದಾಹರಣೆ ಕೊಡುತ್ತಿದ್ದರು. ಮಾತಿನಲ್ಲಿ ವಿವರಿಸಿದರೆ ಕ್ಷಣದಲ್ಲಿ ಚಿತ್ರ ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದ ಮೇಲೆ ಈ ಅತಿಚಾರ ಹೊಸ ವೇಷ ತೊಟ್ಟಿದೆ. ಆ ಯಂತ್ರಗಳು ಅಸಂಖ್ಯ ಚಿತ್ರಕಾರರ ಕೃತಿಗಳಿಂದ ಕಲಿತಂಥವು. ಅವರು ಅನುಮತಿ ಕೊಟ್ಟಿದ್ದರೇ ಎಂಬ ವಿವಾದ ಹೊರದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ. ಅದು ಇತ್ಯರ್ಥವಾಗುವವರೆಗೆ ವಿದ್ಯಾರ್ಥಿ ಕಾಯಬೇಕಾಗಿಲ್ಲ. ಸ್ಪರ್ಧೆಯ ನಿಯಮ ಅದನ್ನು ಒಪ್ಪುತ್ತದೆಯೇ ಎಂದು ನೋಡಲಿ. ಒಪ್ಪಿದರೆ ಬಳಸಿದೆನೆಂದು ಬರೆಯಲಿ. ಒಪ್ಪದಿದ್ದರೆ ಅದು ಮುಚ್ಚಿದ ಬಾಗಿಲು. ಯಂತ್ರ ಬಿಡಿಸಿದ್ದನ್ನು ತನ್ನ ಕೈಬರಹವೆಂದು ಕಳುಹಿಸುವುದಂತೂ ತುಪ್ಪದ ಡಬ್ಬಿಯಲ್ಲಿ ಡಾಲ್ಡಾ ತುಂಬಿದಂತೆಯೇ.

ಬರೆಯಲಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಜ್ಞಾನಾವರಣ ಕರ್ಮ ಆತ್ಮಕ್ಕೆ ಹರಿದುಬರುವ ಕಾರಣಗಳಲ್ಲಿ ನಿಹ್ನವ ಎಂಬುದೊಂದಿದೆ. ತಿಳಿದಿದ್ದರೂ ತಿಳಿಯದೆನ್ನುವುದು, ಯಾರಿಂದ ಕಲಿತೆ ಎಂಬುದನ್ನು ಮುಚ್ಚಿಡುವುದು ನಿಹ್ನವ. ಪರರ ವಸ್ತು ತೆಗೆದುಕೊಂಡವನು ಪರರಿಗೆ ತೊಂದರೆ ಮಾಡುತ್ತಾನೆ. ಗುರುವಿನ ಹೆಸರು ಮುಚ್ಚಿಟ್ಟವನು ತನ್ನ ಅರಿವಿಗೆ ತಾನೇ ಪರದೆ ಎಳೆದುಕೊಳ್ಳುತ್ತಾನೆ. ಇದು ಕೇವಲ ಪರಲೋಕದ ಮಾತಲ್ಲ. ತನ್ನ ಕಲ್ಪನೆ ಎಲ್ಲಿಂದ ಬಂತೆಂದು ಒಪ್ಪಿಕೊಳ್ಳದ ವಿದ್ಯಾರ್ಥಿಗೆ ಮುಂದಿನ ಕೃತಿ ಎಲ್ಲಿಂದ ಬರಬೇಕೆಂಬುದೂ ತಿಳಿಯದೇ ಹೋಗುತ್ತದೆ. ಅನೇಕ ಸ್ಪರ್ಧೆಗಳು ಚಿತ್ರದ ಜೊತೆಗೆ ಒಂದು ಪುಟದ ವಿವರಣೆ ಕೇಳುತ್ತವೆ. ಸಾಮಾನ್ಯವಾಗಿ ಅದನ್ನು ಕೊನೆಯ ಗಳಿಗೆಯಲ್ಲಿ ದೊಡ್ಡ ದೊಡ್ಡ ಪದಗಳಿಂದ ತುಂಬಿಸಲಾಗುತ್ತದೆ. ಬದಲಿಗೆ ಈ ಗೆರೆ ಅಜ್ಜಿಯ ಕೌದಿಯಿಂದ, ಈ ಬಣ್ಣ ಇಂಥವರ ಭಿತ್ತಿಪತ್ರ ನೋಡಿ ಹೊಳೆದದ್ದು, ಈ ಅಕ್ಷರವಿನ್ಯಾಸ ಇಂಥವರು ಕೊಟ್ಟದ್ದು ಎಂದು ಬರೆಯಬಹುದು. ಆಂಡರ್ಸನ್ ನೀರಿನ ನಕ್ಷೆಯನ್ನೂ ಮುದ್ರಣಾಲಯವನ್ನೂ ಮುಚ್ಚಿಡಲಿಲ್ಲ. ಅದರಿಂದ ಅವರ ಕೀರ್ತಿ ಕಡಿಮೆಯಾಗಲಿಲ್ಲ.

ನಿಹ್ನವದ ಪಕ್ಕದಲ್ಲೇ ಮಾತ್ಸರ್ಯ ಕುಳಿತಿದೆ. ಹೇಳಿಕೊಡಬೇಕಾದುದನ್ನು ಅಸೂಯೆಯಿಂದ ಹೇಳಿಕೊಡದಿರುವುದು ಅದು. ಸ್ಪರ್ಧೆಯ ಪ್ರಕಟಣೆಯನ್ನು ಹಾಸ್ಟೆಲಿನ ಕೋಣೆಯ ಜೊತೆಗಾರನಿಂದ ಮರೆಮಾಡಿದವನು ಒಂದು ರೇಖೆ ಎಳೆಯುವ ಮೊದಲೇ ಕರ್ಮವನ್ನು ಕಟ್ಟಿಕೊಂಡಿರುತ್ತಾನೆ.

ಇನ್ನು ಕಳುಹಿಸಿದ ನಂತರದ ದಿನಗಳು. 500 ಜನರಲ್ಲಿ ಗೆಲ್ಲುವವನು ಒಬ್ಬ. ಉಳಿದವರಿಗೆ ಕ್ರೋಧ, ಗೆದ್ದವನಿಗೆ ಮಾನ. ಕಷಾಯಗಳು ಯಾರನ್ನೂ ಬರಿಗೈಯಲ್ಲಿ ಕಳುಹಿಸುವುದಿಲ್ಲ. ಕನ್ನಡ ನಾಡಿನ ಶಿಲ್ಪಿಗಳಿಗೂ ಈ ಮಾನ ಹೊಸದಾಗಿರಲಿಲ್ಲ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಹಲವು ಮದನಿಕೆಯರ ಕೆಳಗೆ ರೂವಾರಿಗಳ ಹೆಸರು ಕೊರೆದಿದೆ, ಪ್ರತಿಸ್ಪರ್ಧಿ ಶಿಲ್ಪಿಗಳನ್ನು ಮಣಿಸುವವರೆಂಬ ಬಿರುದುಗಳೂ ಇವೆ. ಅದನ್ನು ದೋಷವೆನ್ನಲಾಗದು, ಆ ಹೆಸರುಗಳಿಂದಲೇ ದಾಸೋಜ, ಚಾವಣರಂಥವರು ಇಂದಿಗೂ ಗೊತ್ತಿದ್ದಾರೆ. ಅಲ್ಲಿಂದ ಬಹಳ ದೂರವಲ್ಲದ ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನ ಪಾದದ ಬಳಿಯ ಶಾಸನಗಳು ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರನ್ನೂ ಸುತ್ತಾಲಯ ಕಟ್ಟಿಸಿದ ಗಂಗರಾಜನ ಹೆಸರನ್ನೂ ಹೇಳುತ್ತವೆ. ಉಳಿ ಹಿಡಿದವನ ಹೆಸರು ಅಲ್ಲಿಲ್ಲ. ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಬಂದ ಯಾರಿಗೂ ಆ ಕೊರತೆ ಅರಿವಿಗೆ ಬರುವುದಿಲ್ಲ.

ಆಂಡರ್ಸನ್ ಮೂರು ಚಿತ್ರಗಳನ್ನು ಕಳುಹಿಸಿದ್ದರು. ತೀರ್ಪುಗಾರರು ಆರಿಸಿದ್ದು ಅವುಗಳಲ್ಲಿ ಅತ್ಯಂತ ಸರಳವಾದುದನ್ನು. 2500 ಡಾಲರ್ ಬಹುಮಾನ ಬಂತು. ಕಂಪನಿ ಆ ಚಿಹ್ನೆಯನ್ನು ತನ್ನ ಹೆಸರಿಗೆ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಿತ್ತು. ಆಕ್ಷೇಪ ಬಂದಾಗ ಅದನ್ನು ಕೈಬಿಟ್ಟಿತು. ಹೀಗೆ ಅದು ಎಲ್ಲರ ಸ್ವತ್ತಾಯಿತು. ವಿದ್ಯಾರ್ಥಿಯೊಬ್ಬ ಬಿಡಿಸಿದ ಚಿತ್ರ ತಾನೇ ಒಂದು ತೆರೆದ ಬೀದಿಯಾಯಿತು. ಬಳಸಿ ಎಸೆಯದೆ ಮತ್ತೆ ಬಳಸು ಎಂದು ಹೇಳುವ, ಅಪರಿಗ್ರಹಕ್ಕೆ ಇಷ್ಟು ಹತ್ತಿರದ ಒಂದು ಗುರುತು ಯಾರ ಪರಿಗ್ರಹವೂ ಆಗದೆ ಉಳಿದದ್ದು ಸೊಗಸಾದ ಸಂಗತಿ.

ಆಂಡರ್ಸನ್ ಮುಂದೆ ನಗರ ಯೋಜನೆಯ ಕೆಲಸದಲ್ಲಿ ತೊಡಗಿದರು. ಚಿಹ್ನೆಯ ನೆನಪು ಮಸುಕಾಯಿತು. ಅದನ್ನು ವೈರಾಗ್ಯವೆಂದು ಹೊಗಳುವುದು ಸರಿಯಾಗದು, ಅದು ಬರಿಯ ಮರೆವು. ವರ್ಷಗಳ ನಂತರ ರಜೆಗೆಂದು ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋದಾಗ, ಬೀದಿಯ ಬದಿಯಲ್ಲಿದ್ದ ಗುಮ್ಮಟದಾಕಾರದ ದೊಡ್ಡ ಕಸದ ತೊಟ್ಟಿಯೊಂದು ಅವರ ಕಣ್ಣಿಗೆ ಬಿತ್ತು. ಅದರ ಮೈಮೇಲೆ ಚೆಂಡಿಗಿಂತ ದೊಡ್ಡದಾಗಿ ಮೂರು ಬಾಣಗಳಿದ್ದವು. ತಾನು ವಿದ್ಯಾರ್ಥಿಯಾಗಿದ್ದಾಗ ಒಂದೆರಡು ದಿನ ಕುಳಿತು ಬಿಡಿಸಿದ್ದು ಅದೇ ಎಂದು ಗುರುತು ಹಿಡಿದು ಅವರು ಬೆರಗಾದರು.